ಮಂಜು ಎಲ್ಲರದ್ದು, ಬಾಟಲಿ ನಿಮ್ಮದು: ತೋಟದ ಮಾಲು ಮಾರಲು ಯಾವ ಬಗೆಯ ಫೋಟೋ?

ಕೊಡಗಿನ ಕಾಫಿಪುಡಿ, ಜೇನು, ಏಲಕ್ಕಿ ಮಾರುವವರ ಇನ್‌ಸ್ಟಾಗ್ರಾಂ ಪುಟಗಳನ್ನು ಸುಮ್ಮನೆ ಸಾಲಾಗಿ ತೆರೆದು ನೋಡಿ. ಹೆಚ್ಚಿನವುಗಳಲ್ಲಿ ಮೊದಲು ಕಾಣುವುದು ಮಂಜು. ಮಂಜಿನಲ್ಲಿ ಸಿಲ್ವರ್ ಓಕ್ ಮರಗಳು, ಅದರ ಮುಂದೆ ಒಂದು ಹಳೇ ಹಲಗೆ, ಹಲಗೆಯ ಮೂಲೆಯಲ್ಲಿ ಒಂದು ಪುಟ್ಟ ಪೊಟ್ಟಣ. ಅದರ ಮೇಲಿನ ಹೆಸರು ಓದಬೇಕಾದರೆ ಎರಡು ಬೆರಳಿಟ್ಟು ಹಿಗ್ಗಿಸಬೇಕು. ಫೋಟೋ ಚೆಂದವೇ, ಸುಳ್ಳು ಹೇಳುವುದಿಲ್ಲ. ಆದರೆ ಅದನ್ನು ನೋಡಿದವರಿಗೆ ಮಡಿಕೇರಿಯಲ್ಲಿ ರೂಮ್ ಬುಕ್ ಮಾಡೋಣ ಅನಿಸುತ್ತದೆಯೇ ಹೊರತು ಕಾಲು ಕೆಜಿ ಕಾಫಿಪುಡಿ ತರಿಸೋಣ ಅನಿಸುವುದಿಲ್ಲ.

ನಾನು ಗೋಣಿಕೊಪ್ಪದಲ್ಲಿ ಮದುವೆ ಫೋಟೋ ತೆಗೆದುಕೊಂಡಿದ್ದವನು. ಕಕ್ಕಡ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟ್ ಹೊತ್ತಿಗೆ, ಇಲ್ಲಿ ಮದುವೆ, ಶುಭಕಾರ್ಯ ಇಲ್ಲ. ಮಳೆಯೂ ಬಿಡುವುದಿಲ್ಲ, ಕ್ಯಾಮೆರಾ ಪೆಟ್ಟಿಗೆಯಲ್ಲೇ ಇರುತ್ತದೆ. ಆ ಬಿಡುವಿನಲ್ಲಿ ಪರಿಚಯದವರ ಜೇನಿನ ಬಾಟಲಿ, ಮೆಣಸಿನ ಪೊಟ್ಟಣ ಅಂತ ಶುರುವಾದದ್ದು ಈಗ ವರ್ಷವಿಡೀ ನಡೆಯುತ್ತಿದೆ. ಬರುವವರು ಹೇಳುವುದು ಒಂದೇ ಮಾತು: "ಒಳ್ಳೆ ಕ್ಲಾಸಾಗಿ ಬರ್ಬೇಕು." ಕ್ಲಾಸ್ ಅಂದರೆ ಹೇಗೆ ಎಂದು ಕೇಳಿದರೆ ಫೋನ್ ತೆಗೆದು ಇನ್ಯಾರದ್ದೋ ಫೋಟೋ ತೋರಿಸುತ್ತಾರೆ.

ನಾನು ತಿರುಗಿ ಎರಡು ಪ್ರಶ್ನೆ ಕೇಳುತ್ತೇನೆ. ಕೊಳ್ಳುವವರು ಈ ಫೋಟೋವನ್ನು ಎಲ್ಲಿ ನೋಡುತ್ತಾರೆ? ನೋಡುವಾಗ ಅವರ ಮನಸ್ಸಿನಲ್ಲಿ ಯಾವ ಅನುಮಾನ ಇರುತ್ತದೆ? ಬಾಟಲಿ ಎಷ್ಟು ದೊಡ್ಡದು, ಮಾಲು ಅಸಲಿಯೇ, ಪುಡಿ ಎಷ್ಟು ನುಣ್ಣಗಿದೆ, ಪಾರ್ಸೆಲ್‌ನಲ್ಲಿ ಸೋರುತ್ತದೆಯೇ. ಒಂದೊಂದು ಅನುಮಾನಕ್ಕೆ ಒಂದೊಂದು ಬಗೆಯ ಫೋಟೋ ಉತ್ತರ ಕೊಡುತ್ತದೆ. ಮಂಜಿನ ಫೋಟೋ ಇವುಗಳಲ್ಲಿ ಒಂದಕ್ಕೂ ಉತ್ತರ ಕೊಡುವುದಿಲ್ಲ.

ಬಿಳಿ ಹಿನ್ನೆಲೆ

ಯಾರಿಗೂ ಇಷ್ಟವಿಲ್ಲದ, ಎಲ್ಲರಿಗೂ ಬೇಕಾದ ಫೋಟೋ ಇದು. ಅಮೆಜಾನ್‌ನಲ್ಲಿ ಮಾರುವುದಾದರೆ ಇಲ್ಲಿ ಆಯ್ಕೆಯ ಮಾತೇ ಇಲ್ಲ. ಮುಖ್ಯ ಚಿತ್ರದ ಹಿನ್ನೆಲೆ ಅಪ್ಪಟ ಬಿಳಿ ಇರಬೇಕು, ಕಂಪ್ಯೂಟರಿನ ಲೆಕ್ಕದಲ್ಲಿ ಆರ್‌ಜಿಬಿ 255, 255, 255. ವಸ್ತು ಚೌಕಟ್ಟಿನ ಶೇ. 85ರಷ್ಟಾದರೂ ತುಂಬಿರಬೇಕು. ಪಕ್ಕದಲ್ಲಿ ಅಲಂಕಾರ, ಮೇಲೆ ಬರಹ, ವಾಟರ್‌ಮಾರ್ಕ್ ಯಾವುದೂ ಕೂಡದು. ಗ್ರಾಹಕರು ಹಿಗ್ಗಿಸಿ ನೋಡಬೇಕಾದರೆ ಉದ್ದನೆಯ ಬದಿ ಕನಿಷ್ಠ 1000 ಪಿಕ್ಸೆಲ್ ಇರಬೇಕು. ಮಂಜು, ಹಲಗೆ, ಕಾಫಿ ಎಲೆ ಏನಿದ್ದರೂ ಎರಡನೇ ಚಿತ್ರದಿಂದ ಮುಂದೆ.

ಆನ್‌ಲೈನ್ ಅಂಗಡಿಗಳ ಸಹವಾಸವೇ ಬೇಡ, ವಾಟ್ಸಾಪ್‌ನಲ್ಲೇ ಮಾರುತ್ತೇನೆ ಎನ್ನುವವರೂ ಮೊದಲು ಇದನ್ನೇ ತೆಗೆಸಿಕೊಳ್ಳಿ ಅನ್ನುತ್ತೇನೆ. ವಾಟ್ಸಾಪ್ ಬಿಸಿನೆಸ್‌ನ ಕ್ಯಾಟಲಾಗ್‌ನಲ್ಲಿ ಚಿತ್ರ ಕಾಣುವುದು ಹೆಬ್ಬೆರಳಿನ ಉಗುರಿನಷ್ಟು. ಆ ಗಾತ್ರದಲ್ಲಿ ತೋಟ, ಮಂಜು, ಮರ ಎಲ್ಲ ಸೇರಿ ಬೂದಿ ಬಣ್ಣದ ಕಲೆಯಾಗುತ್ತದೆ. ಬಿಳಿಯ ಮೇಲಿನ ಕಂದು ಪೊಟ್ಟಣ ಮಾತ್ರ ಪೊಟ್ಟಣವಾಗಿಯೇ ಉಳಿಯುತ್ತದೆ.

ಇದನ್ನು ಮನೆಯಲ್ಲೇ ತೆಗೆಯಬಹುದು. ಬಿಸಿಲು ನೇರ ಬೀಳದ ಒಂದು ಕಿಟಕಿ ಆರಿಸಿ, ಉತ್ತರಕ್ಕಿದ್ದರೆ ಒಳ್ಳೆಯದು. ಬಿಳಿ ಚಾರ್ಟ್ ಹಾಳೆಯ ಒಂದು ತುದಿಯನ್ನು ಗೋಡೆಗೆ ಅಂಟಿಸಿ, ಇನ್ನೊಂದನ್ನು ಮೇಜಿನ ಮೇಲೆ ಬಾಗಿಸಿ ಇಳಿಬಿಡಿ. ಮಡಿಕೆ ಬೀಳಬಾರದು; ಮಡಿಕೆ ಬಿದ್ದ ಜಾಗದಲ್ಲಿ ಗೆರೆ ಬರುತ್ತದೆ. ಕಿಟಕಿ ಎಡಕ್ಕಿದ್ದರೆ ಬಲಕ್ಕೆ ಥರ್ಮೋಕೋಲ್ ಹಾಳೆ ನಿಲ್ಲಿಸಿ, ನೆರಳು ತಿಳಿಯಾಗುತ್ತದೆ. ಕೋಣೆಯ ಟ್ಯೂಬ್‌ಲೈಟ್ ಬಂದ್ ಮಾಡಿ. ಇದನ್ನು ಎಷ್ಟು ಸಲ ಹೇಳಿದರೂ ಜನ ಮರೆಯುತ್ತಾರೆ. ಕಿಟಕಿಯ ಬೆಳಕಿನ ಬಣ್ಣ ಬೇರೆ, ಟ್ಯೂಬಿನ ಬೆಳಕಿನ ಬಣ್ಣ ಬೇರೆ. ಎರಡೂ ಸೇರಿದರೆ ಪೊಟ್ಟಣದ ಒಂದು ಮಗ್ಗುಲು ನೀಲಿ, ಇನ್ನೊಂದು ಮಗ್ಗುಲು ಹಳದಿ-ಹಸಿರು. ಆಮೇಲೆ ಯಾವ ಆ್ಯಪ್ ಹಾಕಿ ತಿಕ್ಕಿದರೂ ಹೋಗುವುದಿಲ್ಲ.

ಫೋನನ್ನು ಹತ್ತಿರ ತರಬೇಡಿ, ದೂರ ನಿಂತು 2ಎಕ್ಸ್ ಜೂಮ್‌ನಲ್ಲಿ ತೆಗೆಯಿರಿ. ಹತ್ತಿರದಿಂದ ತೆಗೆದರೆ ಬಾಟಲಿಯ ಹೊಟ್ಟೆ ಉಬ್ಬಿ ಕಾಣುತ್ತದೆ. ಇನ್ನೊಂದು ವಿಷಯ, ಬಿಳಿ ಹಾಳೆಯ ಮುಂದೆ ಇಟ್ಟ ಕೂಡಲೇ ಕ್ಯಾಮೆರಾ ಬೆಳಕನ್ನು ತಾನೇ ತಗ್ಗಿಸಿ ಹಾಳೆಯನ್ನು ಬೂದಿ ಮಾಡಿಬಿಡುತ್ತದೆ. ಪರದೆಯ ಮೇಲೆ ಬೆರಳೊತ್ತಿ ಹಿಡಿದು, ಬೆಳಕನ್ನು ಸ್ವಲ್ಪ ಮೇಲಕ್ಕೆ ಎಳೆಯಿರಿ. ಹಾಗೆ ಒತ್ತಿ ಹಿಡಿಯುವುದರಿಂದ ಫೋಕಸ್ಸು, ಬೆಳಕು ಎರಡೂ ಅಲ್ಲೇ ನಿಲ್ಲುತ್ತವೆ. ನಮ್ಮಲ್ಲಿ ಮೋಡ ನಿಮಿಷಕ್ಕೊಮ್ಮೆ ಬದಲಾಗುವುದರಿಂದ ಇದು ಬೇಕೇ ಬೇಕು. ಇಲ್ಲದಿದ್ದರೆ ಹತ್ತು ಪೊಟ್ಟಣಕ್ಕೆ ಹತ್ತು ಬಗೆಯ ಬಿಳಿ ಬರುತ್ತದೆ.

ಪೊಟ್ಟಣ ಸೊರಗಿದ್ದರೆ ಒಳಗೆ ಹತ್ತಿಯನ್ನೋ ಕಾಗದವನ್ನೋ ತುಂಬಿ ಮೈ ತುಂಬಿಸಿ. ಮಿಂಚುವ ಫಾಯಿಲ್ ಪೊಟ್ಟಣವಾದರೆ ಕಿಟಕಿಗೆ ಒಂದು ಬಿಳಿ ಪಂಚೆ ಕಟ್ಟಿ ಬೆಳಕನ್ನು ಸೋಸಿ. ನನ್ನ ಬಳಿ ಬೆಳಕನ್ನು ಹೀಗೆ ಸೋಸಿ ಹರಡುವ ದುಬಾರಿ ಸಾಫ್ಟ್‌ಬಾಕ್ಸ್ ಇದೆ, ಆದರೂ ತೋಟದ ಮನೆಗಳಿಗೆ ಹೋದಾಗ ಪಂಚೆಯೇ ಸಾಕಾಗುತ್ತದೆ.

ಬಿಳಿ ಹಿನ್ನೆಲೆಯ ದೊಡ್ಡ ಕೊರತೆ ಅಳತೆ. ಅದರಲ್ಲಿ 100 ಗ್ರಾಮಿನ ಬಾಟಲಿಯೂ ಒಂದು ಕೆಜಿಯ ಬಾಟಲಿಯೂ ಒಂದೇ ತರ ಕಾಣುತ್ತವೆ. ತೂಕ ಕೆಳಗೆ ಬರೆದಿರುತ್ತದೆ, ಯಾರೂ ಓದುವುದಿಲ್ಲ. ಪಾರ್ಸೆಲ್ ಬಿಚ್ಚಿದ ಮೇಲೆ "ಇಷ್ಟೇನಾ?" ಎಂಬ ಮೆಸೇಜ್ ಬರುತ್ತದೆ.

ತೋಟದೊಳಗೆ

ಲೈಫ್‌ಸ್ಟೈಲ್ ಫೋಟೋ ಅನ್ನುತ್ತಾರಲ್ಲ, ಅದು. ವಸ್ತುವನ್ನು ಅದು ಬೆಳೆದ ಜಾಗದಲ್ಲೋ ಬಳಸುವ ಜಾಗದಲ್ಲೋ ಇಟ್ಟು ತೆಗೆಯುವುದು. ಕೊಡಗಿನವರಿಗೆ ಇದರ ಮೇಲೆ ಮೋಹ ಜಾಸ್ತಿ, ಮನೆ ಬಾಗಿಲಿಗೇ ಸ್ಟುಡಿಯೋ ಇದೆ ಎಂಬ ಭಾವನೆ. ಆದರೆ ತೋಟ ಒಂದು ಕೆಟ್ಟ ಸ್ಟುಡಿಯೋ. ಸುತ್ತ ಎಲ್ಲ ಹಸಿರೆಲೆ, ಮೇಲೆ ನೆರಳಿನ ಮರ. ಎಲೆಗಳಿಗೆ ಬಡಿದು ಬರುವ ಬೆಳಕೆಲ್ಲ ಹಸಿರು. ನಮ್ಮ ಕಣ್ಣು ಅದನ್ನು ಸರಿಮಾಡಿಕೊಳ್ಳುತ್ತದೆ, ಕ್ಯಾಮೆರಾಕ್ಕೆ ಆ ಬುದ್ಧಿ ಇಲ್ಲ. ಬಿಳಿ ಲೇಬಲ್ ಪಾಚಿ ಹಿಡಿದಂತೆ ಬರುತ್ತದೆ, ಜೇನು ಹರಳೆಣ್ಣೆಯಂತೆ ಬರುತ್ತದೆ. ಬಿಸಿಲಿದ್ದರೆ ಇನ್ನೊಂದು ಕಷ್ಟ: ಎಲೆಗಳ ಸಂದಿಯಿಂದ ಬಿಸಿಲಿನ ಚುಕ್ಕೆಗಳು ಲೇಬಲ್ ಮೇಲೆ ಬಿದ್ದು ಅಕ್ಷರ ಮಾಯ.

ತೋಟದಲ್ಲೇ ತೆಗೆಯಬೇಕೆಂದಿದ್ದರೆ ತೋಟದ ಅಂಚಿಗೆ ಬನ್ನಿ. ಕಣದ ಬದಿ, ಮನೆಯ ಜಗಲಿ, ರಸ್ತೆಯ ತೆರವು, ಎಲ್ಲಿ ಆಕಾಶ ಕಾಣುತ್ತದೋ ಅಲ್ಲಿ. ತೋಟವನ್ನು ಹಿಂದೆ ದೂರದಲ್ಲಿ ಬಿಡಿ. ಬಾಟಲಿಯ ಪಕ್ಕ, ಚೌಕಟ್ಟಿನ ಹೊರಗೆ ಒಂದು ಬಿಳಿ ಥರ್ಮೋಕೋಲ್ ಹಿಡಿದರೆ ಹಸಿರು ತೊಳೆದು ಹೋಗುತ್ತದೆ.

ಇನ್ನೊಂದು, ತೋಟಕ್ಕೆ ಕ್ಯಾಲೆಂಡರ್ ಇದೆ. ಹೂಮಳೆ ಬಿದ್ದ ಮೇಲೆ ಕಾಫಿ ಹೂ ನಿಲ್ಲುವುದು ಕೆಲವೇ ದಿನ, ಫೆಬ್ರವರಿ ಕೊನೆಯಿಂದ ಏಪ್ರಿಲ್ ಒಳಗೆ ಯಾವಾಗ ಬೇಕಾದರೂ ಆಗಬಹುದು. ಅರೇಬಿಕಾ ಹಣ್ಣು ಕೆಂಪಾಗಿ ಕಾಣುವುದು ನವೆಂಬರ್-ಡಿಸೆಂಬರ್, ರೊಬಸ್ಟಾ ಅದಾದ ಮೇಲೆ. ಕಣದಲ್ಲಿ ಚೆರಿ (ಸಿಪ್ಪೆ ಸಮೇತ ಒಣಗಿಸುವ ಕಾಫಿ ಹಣ್ಣು) ಒಣಗುವ ದೃಶ್ಯ ಜನವರಿ, ಫೆಬ್ರವರಿ. ಜುಲೈನಲ್ಲಿ ಬಂದು "ಹಣ್ಣು ಕೊಯ್ಯುವ ಫೋಟೋ ಬೇಕು" ಎನ್ನುವವರಿಗೆ ನಾನೇನು ಮಾಡಲಿ? ಹಾಗಾಗಿ ಈ ಬಗೆಯನ್ನು ಆರಿಸುವವರು ಒಂದೇ ದಿನದ ಶೂಟ್ ಎಂದುಕೊಳ್ಳಬೇಡಿ. ವರ್ಷಕ್ಕೆ ಮೂರು ಅರ್ಧ ದಿನ ಅಂತ ಫೋಟೋಗ್ರಾಫರ್ ಜೊತೆ ಮೊದಲೇ ಮಾತಾಡಿಕೊಳ್ಳಿ. ಅಥವಾ ಆಯಾ ಕಾಲದಲ್ಲಿ ನೀವೇ ಫೋನಿನಲ್ಲಿ ತೆಗೆದಿಟ್ಟುಕೊಳ್ಳಿ. ಕೆಲಸದ ಫೋಟೋಗಳಿಗೆ ಫೋನಿನ ಒರಟುತನವೇ ಚೆನ್ನ.

ಯಾವ ದೃಶ್ಯ ಎಂದು ಕೇಳಿದರೆ, ಮಂಜಿಗಿಂತ ಕೈ. ಬುಟ್ಟಿಗೆ ಹಣ್ಣು ಬೀಳಿಸುವ ಕೈ, ಕಣದಲ್ಲಿ ಚೆರಿ ಹರಡುವ ಕೈ, ಏಲಕ್ಕಿ ಆರಿಸುವ ಕೈ. ಮಂಜು ಮಡಿಕೇರಿಯ ರಾಜಾಸೀಟ್‌ನಲ್ಲಿ ಟಿಕೆಟ್ ಕೊಂಡವರಿಗೆಲ್ಲ ಸಿಗುತ್ತದೆ, ನಿಮ್ಮ ಕಣದಲ್ಲಿ ಕೆಲಸ ಮಾಡುವವರ ಕೈ ನಿಮ್ಮಲ್ಲಿ ಮಾತ್ರ ಇದೆ. ಮುಖ ಬರುವಂತಿದ್ದರೆ ಅವರನ್ನು ಕೇಳಿ ತೆಗೆಯಿರಿ, ಎಲ್ಲಿ ಹಾಕುತ್ತೀರಿ ಎಂದೂ ಹೇಳಿ. ಕೂಲಿ ಕೊಡುತ್ತೇವೆ ಎಂದ ಮಾತ್ರಕ್ಕೆ ಮುಖವೂ ನಮ್ಮದಾಗುವುದಿಲ್ಲ. ಹಾಗೆಯೇ, ಎಲ್ಲಿಂದಲೋ ಬಂದ ಮಾಡೆಲ್ ಹುಡುಗನಿಗೆ ಕೊಡವರ ಉಡುಪಾದ ಕುಪ್ಯಚೇಲೆ ಉಡಿಸಿ ಸೊಂಟಕ್ಕೆ ಪೀಚೆಕತ್ತಿ ಸಿಕ್ಕಿಸಿ ಕಾಫಿ ಕಪ್ ಹಿಡಿಸಬೇಡಿ. ಒಂದು ಸಲ ಅಂಥ ಕೆಲಸ ಬಂದಿತ್ತು, ಆಗುವುದಿಲ್ಲ ಅಂದೆ. ಅದು ಮದುವೆಯಲ್ಲಿ ಉಡುವ ಬಟ್ಟೆ, ಫೋಟೋಗೆ ಇಡುವ ಸಾಮಾನಲ್ಲ.

ಫೋಟೋ ಹೇಳುವುದಕ್ಕೂ ಪೊಟ್ಟಣದೊಳಗಿನದಕ್ಕೂ ತಾಳೆ ಇರಬೇಕು. ಕೂರ್ಗ್ ಅರೇಬಿಕಾಕ್ಕೆ 2019ರಿಂದ ಭೌಗೋಳಿಕ ಸೂಚಕ ಮಾನ್ಯತೆ ಇದೆ, ಅಂದರೆ ಆ ಹೆಸರು ಇಲ್ಲಿ ಬೆಳೆದ ಆ ಕಾಫಿಗೆ ಮಾತ್ರ. ಒಳಗೆ ರೊಬಸ್ಟಾ ಮತ್ತು ಚಿಕೋರಿ ತುಂಬಿ, ಹೊರಗೆ ಅರೇಬಿಕಾ ಗಿಡದ ಫೋಟೋ ಹಾಕಿ ಆ ಹೆಸರು ಬರೆದರೆ ಅದು ಬರೀ ಅಲಂಕಾರವಾಗಿ ಉಳಿಯುವುದಿಲ್ಲ.

ಹತ್ತಿರದಿಂದ

ನನ್ನನ್ನು ಕೇಳಿದರೆ ಕೊಡಗಿನ ಮಾಲಿಗೆ ಹೇಳಿ ಮಾಡಿಸಿದ ಬಗೆ ಇದು, ಇದನ್ನೇ ಜನ ಕಡಿಮೆ ತೆಗೆಸುತ್ತಾರೆ. ನಾವು ಮಾರುವುದು ಮೊಬೈಲ್ ಕವರ್ ಅಲ್ಲ. ಕಾಳು, ಪುಡಿ, ರಸ. ಅಂಗಡಿಗೆ ಬಂದವರು ಮೆಣಸನ್ನು ಅಂಗೈಗೆ ಸುರಿದುಕೊಂಡು ನೋಡುತ್ತಾರೆ, ಏಲಕ್ಕಿ ಸುಲಿದು ಮೂಸುತ್ತಾರೆ. ಆನ್‌ಲೈನ್‌ನಲ್ಲಿ ಕೊಳ್ಳುವವರಿಗೆ ಆ ಅಂಗೈಯ ಜಾಗದಲ್ಲಿ ಇರುವುದು ಈ ಫೋಟೋ ಒಂದೇ.

ಕರಿಮೆಣಸು ತೆಗೆಯುವುದು ಸುಲಭ: ಬೆಳಕು ಒಂದೇ ಬದಿಯಿಂದ, ತಗ್ಗಿನಲ್ಲಿ ಬರಲಿ. ಕಾಳಿನ ಸುಕ್ಕು ಒಂದೊಂದೂ ಎದ್ದು ಕಾಣುತ್ತದೆ. ಮುಂದಿನಿಂದ ಫ್ಲ್ಯಾಶ್ ಹೊಡೆದರೆ ಕರಿ ಮಣಿಗಳ ರಾಶಿ. ಪಕ್ಕದಲ್ಲಿ ನಾಲ್ಕು ಕಾಳು ಒಡೆದು ಒಳಗಿನ ಬಿಳಿ ತೋರಿಸಿ, ಪೊಳ್ಳು ಇಲ್ಲ ಎಂಬುದಕ್ಕೆ ಅದೇ ಸಾಕ್ಷಿ.

ಜೇನಿಗೆ ಬೆಳಕು ಹಿಂದಿನಿಂದ ಬರಬೇಕು. ಮುಂದಿನಿಂದ ಬೆಳಕು ಬಿಟ್ಟರೆ ಜೇನು ಬೆಲ್ಲದ ಪಾಕದ ತರ ಕಪ್ಪಗೆ ಬರುತ್ತದೆ. ಬಾಟಲಿಯ ಆಕಾರಕ್ಕಿಂತ ಸ್ವಲ್ಪ ಚಿಕ್ಕದಾಗಿ ಬಿಳಿ ಕಾಗದ ಕತ್ತರಿಸಿ, ಮುಂದಿನಿಂದ ಕಾಣದಂತೆ ಬಾಟಲಿಯ ಹಿಂದೆ ಓರೆಯಾಗಿ ನಿಲ್ಲಿಸಿ. ಕಿಟಕಿಯ ಬೆಳಕು ಅದಕ್ಕೆ ಬಡಿದು ಜೇನಿನೊಳಗಿಂದ ಹಾದು ಬರುತ್ತದೆ. ಇಲ್ಲೇ ಒಂದು ಆಮಿಷವೂ ಇದೆ. ಈ ಉಪಾಯದಿಂದ ಯಾವ ಜೇನನ್ನಾದರೂ ಹೊನ್ನಿನ ಬಣ್ಣಕ್ಕೆ ತರಬಹುದು. ಆದರೆ ತುಡುವೆ ಜೇನಿನ ಬಣ್ಣ ಯಾವ ಹೂವಿನ ಕಾಲ ಎಂಬುದರ ಮೇಲೆ ಬದಲಾಗುತ್ತದೆ. ಒಂದು ಸಲ ತಿಳಿ, ಒಂದು ಸಲ ಗಾಢ. ಫೋಟೋದಲ್ಲಿ ಹೊನ್ನು ಕಂಡು, ಮನೆಗೆ ಗಾಢ ಕಂದು ಬಂದರೆ "ಬೆಲ್ಲ ಸೇರಿಸಿದ್ದಾರೆ" ಅನ್ನುತ್ತಾರೆ. ಹೊಸ ಜೇನು ಬಂದಾಗಲೆಲ್ಲ ಹೊಸ ಫೋಟೋ ತೆಗೆಯಿರಿ. ಹರಳುಗಟ್ಟಿದ ಜೇನಿನ ಫೋಟೋ ಒಂದನ್ನೂ ನೀವೇ ಹಾಕಿ. ತಣ್ಣಗಿನ ದಿನಗಳಲ್ಲಿ ಜೇನು ಹರಳುಗಟ್ಟುವುದು ಸಹಜ, ಅದನ್ನು ಗ್ರಾಹಕರು ಕಂಡು ಫೋನ್ ಮಾಡುವ ಮೊದಲೇ ನೀವು ತೋರಿಸಿದ್ದರೆ ಅರ್ಧ ಜಗಳ ತಪ್ಪುತ್ತದೆ.

ಏಲಕ್ಕಿಯಲ್ಲಿ ನಾನೇ ಕೈ ಸುಟ್ಟುಕೊಂಡವನು. ಪರಿಚಯದವರೊಬ್ಬರ ಏಲಕ್ಕಿ, ಮಾಲು ಒಳ್ಳೆಯದೇ, ಆದರೆ ಬಣ್ಣ ಸ್ವಲ್ಪ ಒಣಹುಲ್ಲಿನ ಕಡೆ ವಾಲಿತ್ತು. ಫೋಟೋ ಚೆಂದ ಕಾಣಲಿ ಅಂತ ಕಂಪ್ಯೂಟರಿನಲ್ಲಿ ಹಸಿರನ್ನು ಒಂಚೂರು ಎಳೆದೆ. ಒಂಚೂರು ಅಂದರೆ ನನ್ನ ಪರದೆಯಲ್ಲಿ ಒಂಚೂರು. ಫೋನುಗಳಲ್ಲಿ ಅದು ಗಿಳಿಹಸಿರು. ಕೊಂಡವರಲ್ಲಿ ಇಬ್ಬರು ವಾಪಸ್ ಕಳಿಸಿದರು, ಒಬ್ಬರು ಹಳೇ ಸ್ಟಾಕು ಅಂತ ಬರೆದರು. ಮಾಲಿನ ಮರ್ಯಾದೆ ಹೋಯಿತು, ತಪ್ಪು ನನ್ನದು. ಆಮೇಲಿಂದ ಮೊದಲ ಒಂದು ಫೋಟೋದಲ್ಲಿ ವಸ್ತುವಿನ ಪಕ್ಕ ಒಂದು ಬೂದು ಕಾರ್ಡ್ ಇಟ್ಟು ತೆಗೆಯುತ್ತೇನೆ. ಬಣ್ಣ ಸರಿಮಾಡುವಾಗ ಆ ಕಾರ್ಡು ಬೂದಿಯಾಗಿ ಕಂಡರೆ ಸಾಕು, ಏಲಕ್ಕಿ ತನ್ನ ಬಣ್ಣಕ್ಕೆ ತಾನೇ ಬರುತ್ತದೆ.

ಕಾಚಂಪುಳಿಯ, ಅಂದರೆ ಪಂದಿಕರಿಗೆ (ಹಂದಿಮಾಂಸದ ಅಡುಗೆಗೆ) ಹಾಕುವ ಕಪ್ಪು ಹುಳಿರಸದ, ಕತೆ ಬೇರೆಯೇ. ನಾಪೋಕ್ಲು ಕಡೆಯ ಆಂಟಿಯೊಬ್ಬರು ಮಳೆಗಾಲದಲ್ಲಿ ಹಣ್ಣಿನ ರಸ ಇಳಿಸಿ, ಕುದಿಸಿ ಕುದಿಸಿ ಗಟ್ಟಿ ಮಾಡಿದ್ದನ್ನು ಸಣ್ಣ ಬಾಟಲಿಗಳಲ್ಲಿ ತಂದಿದ್ದರು. ಬಿಳಿ ಹಿನ್ನೆಲೆಯಲ್ಲಿ ತೆಗೆದು ತೋರಿಸಿದೆ. ನೋಡಿ ನಕ್ಕರು. "ಇದೆಂತ ಮಾರಾಯ, ರಸ್ತೆಗೆ ಹಾಕುವ ಟಾರಿನ ಹಾಗೆ ಕಾಣ್ತದಲ್ಲ!" ಸರಿಯೇ ಇತ್ತು. ಜೇನಿನ ಹಾಗೆ ಹಿಂದಿನಿಂದ ಬೆಳಕು ಬಿಟ್ಟೆ, ಟಾರಿನ ಸುತ್ತ ಒಂದು ಪ್ರಭಾವಳಿ ಬಂತು ಅಷ್ಟೇ. ಅಷ್ಟು ದಪ್ಪ ರಸದೊಳಗೆ ಬೆಳಕು ಹಾಯುವುದಿಲ್ಲ.

"ನಿಮ್ಮ ಹತ್ರ ಕೊಳ್ಳುವವರು ಫೋನಲ್ಲಿ ಎಂತ ಕೇಳ್ತಾರೆ ಆಂಟಿ?" ಅಂದೆ.

"ನೀರು ಸೇರಿಸಿದ್ದೀರಾ ಅಂತ. ಬೇರೆ ಎಂತ ಕೇಳ್ತಾರೆ?"

ಆಂಟಿ ಒಳಗಿಂದ ಒಂದು ಬಿಳಿ ಪಿಂಗಾಣಿ ತಟ್ಟೆ ತಂದರು. ಒಂದು ಚಮಚ ಸುರಿದು ತಟ್ಟೆಯನ್ನು ಓರೆ ಮಾಡಿದೆವು. ರಸ ನಿಧಾನ ಜಾರಿತು, ಜಾರಿದ ದಾರಿಯಲ್ಲಿ ತೆಳುವಾದ ಪದರ ಉಳಿಯಿತು, ಆ ಪದರದ ಅಂಚು ಕಪ್ಪಲ್ಲ, ಕೆಂಪು ಬೆರೆತ ಕಂದು. ಕಿಟಕಿಯ ಬೆಳಕು ಅದರ ಮೇಲೆ ಒಂದು ಬಿಳಿ ಗೆರೆಯಾಗಿ ಬಿದ್ದಿತ್ತು. ಎರಡನೇ ಫೋಟೋ ಚಮಚದ ತುದಿಯಿಂದ ಬೀಳಲೋ ಬೇಡವೋ ಎಂದು ನಿಂತ ಒಂದು ಹನಿ. ನೀರು ಸೇರಿಸಿದ್ದರೆ ಹಾಗೆ ನಿಲ್ಲುತ್ತಿರಲಿಲ್ಲ, ಪಂದಿಕರಿ ಮಾಡಿ ಗೊತ್ತಿರುವವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ಬಾಟಲಿಯ ಫೋಟೋ ಮೂರನೆಯದಾಯಿತು.

ಮೇಲಿನಿಂದ, ಕೈಯಲ್ಲಿ, ಹಿಂಬದಿ

ಮೇಜಿನ ಮೇಲೆ ಎಲ್ಲ ಹರಡಿ ಮೇಲಿನಿಂದ ತೆಗೆಯುವ ಫ್ಲ್ಯಾಟ್‌ಲೇ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ. ಗಿಫ್ಟ್ ಬಾಕ್ಸ್‌ಗೆ, ನಾಲ್ಕು ಸಣ್ಣ ಪೊಟ್ಟಣಗಳ ಸೆಟ್‌ಗೆ, ಚಾಕೊಲೇಟಿಗೆ ಒಳ್ಳೆಯದು. ಬಾಟಲಿಗೆ ಬೇಡ, ಮುಚ್ಚಳ ಮಾತ್ರ ಕಾಣುತ್ತದೆ.

ಕೈಯಲ್ಲಿ ಹಿಡಿದ ಫೋಟೋ ಒಂದಾದರೂ ಇರಲಿ. ಆಗಲೇ ಹೇಳಿದ "ಇಷ್ಟೇನಾ?" ಪ್ರಶ್ನೆಗೆ ಉತ್ತರ ಅದು. ತಕ್ಕಡಿ, ಸ್ಕೇಲು ಏನೂ ಬೇಡ, ಕೈ ಎಂದರೆ ಎಲ್ಲರಿಗೂ ಅಳತೆ ಗೊತ್ತು. ಕಾಫಿಪುಡಿಯಾದರೆ ಪೊಟ್ಟಣದ ಪಕ್ಕ ಮನೆಯ ಸ್ಟೀಲ್ ಫಿಲ್ಟರ್ ಇಟ್ಟರೂ ಆಯಿತು.

ಎಲ್ಲರೂ ಬಿಟ್ಟುಬಿಡುವ ಫೋಟೋ ಒಂದಿದೆ, ಪೊಟ್ಟಣದ ಹಿಂಬದಿ. ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ 14 ಅಂಕಿಯ ನಂಬರು, ನಿವ್ವಳ ತೂಕ, ಗರಿಷ್ಠ ಬೆಲೆ, ತಯಾರಕರ ವಿಳಾಸ, ಸಸ್ಯಾಹಾರಕ್ಕೆ ಹಸಿರು ಚುಕ್ಕೆ, ಪಂದಿ ಉಪ್ಪಿನಕಾಯಿಯಾದರೆ ಕಂದು ತ್ರಿಕೋನ. ಕಾಫಿಗೆ ಚಿಕೋರಿ ಸೇರಿಸಿದ್ದರೆ ಎರಡರ ಶೇಕಡಾವಾರು ಲೇಬಲ್ ಮೇಲೆ ಇರಲೇಬೇಕು, ಚಿಕೋರಿ ಶೇ. 49 ದಾಟುವಂತಿಲ್ಲ. ತೂಕ, ಬೆಲೆ, ವಿಳಾಸದಂಥ ವಿವರಗಳನ್ನು ಆನ್‌ಲೈನ್ ಮಾರಾಟದಲ್ಲೂ ಗ್ರಾಹಕರಿಗೆ ತೋರಿಸಬೇಕೆಂಬ ನಿಯಮವಿದೆ, ಅವನ್ನು ಪುಟದಲ್ಲಿ ಬರೆಯುವುದು ಬೇರೆ ಕೆಲಸ. ಆದರೆ ನೇರವಾಗಿ, ಓದಲು ಬರುವಂತೆ ತೆಗೆದ ಹಿಂಬದಿಯ ಫೋಟೋ ಒಂದು ಇದ್ದರೆ "ಚಿಕೋರಿ ಎಷ್ಟು?" ಎಂದು ದಿನಕ್ಕೆ ನಾಲ್ಕು ಸಲ ಟೈಪ್ ಮಾಡುವುದು ತಪ್ಪುತ್ತದೆ.

ಪೊಟ್ಟಣವೇ ಇಲ್ಲದೆ ಮೂಟೆಯಲ್ಲಿ ಮಾರುವವರಿಗೆ ಈ ಮೇಲಿನದ್ದು ಯಾವುದೂ ಬೇಡ. ಪಾರ್ಚ್‌ಮೆಂಟೋ (ಸಿಪ್ಪೆ ತೆಗೆದು ಒಳಪೊರೆ ಉಳಿಸಿ ಒಣಗಿಸಿದ್ದು) ಚೆರಿಯೋ ಬಿಟ್ಟು, ಹುರಿಯದ ಹಸಿರು ಬೀಜವನ್ನೇ ಬೆಂಗಳೂರಿನ ರೋಸ್ಟರ್‌ಗಳಿಗೆ, ಅಂದರೆ ಕಾಫಿ ಹುರಿಯುವವರಿಗೆ, ಕೊಡುವವರು ಈಗ ಇದ್ದಾರೆ. ಆ ಗಿರಾಕಿಗೆ ಬೇಕಾದದ್ದು ಕಪ್ಪು ಬಟ್ಟೆಯ ಮೇಲೆ ಹರಡಿದ ಒಂದು ಹಿಡಿ ಬೀಜ, ಪಕ್ಕದಲ್ಲಿ ಸ್ಕೇಲು, ಸಮನಾದ ಬೆಳಕು. ಒಡಕು, ಕಪ್ಪು ಬೀಜ ಇದ್ದರೆ ಅದನ್ನೂ ಆರಿಸಿ ತೆಗೆಯದೆ ತೋರಿಸಿ. ಅವರು ಹೇಗಿದ್ದರೂ ಸ್ಯಾಂಪಲ್ ತರಿಸಿ ಎಣಿಸುವವರೇ.

ಎಐ ಹಿನ್ನೆಲೆ

ಈಗ ಎಲ್ಲರೂ ಕೇಳುವುದು ಇದನ್ನೇ. ಬಾಟಲಿಯ ಒಂದು ಫೋಟೋ ಕೊಟ್ಟರೆ ಆ್ಯಪ್ ತಾನೇ ತೋಟ, ಮಂಜು, ಸೂರ್ಯೋದಯ ಹಾಕಿ ಕೊಡುತ್ತದೆ, ಮತ್ತೆ ನಿಮಗ್ಯಾಕೆ ದುಡ್ಡು ಅಂತ. ನಾನೂ ಪ್ರಯತ್ನಿಸಿದೆ. ಕೊಡಗಿನ ಕಾಫಿ ತೋಟ ಎಂದು ಬರೆದೆ, ಕತ್ತರಿಸಿ ಸಾಲಾಗಿಟ್ಟ ಟೀ ಗುಡ್ಡ ಕೊಟ್ಟಿತು. ಮುನ್ನಾರಿನವರು ನೋಡಿದ್ದರೆ ಖುಷಿಪಡುತ್ತಿದ್ದರು. ನೆರಳಿನ ಮರ ಹಾಕು ಅಂದೆ, ಪೈನ್ ಮರ ಹಾಕಿತು. ಲೇಬಲ್ಲಿನ ಕನ್ನಡ ಅಕ್ಷರಗಳಂತೂ ಒತ್ತಕ್ಷರ ಕಳಚಿಕೊಂಡು ಯಾವುದೋ ಊರಿನ ಲಿಪಿಯಾಗಿದ್ದವು.

ಹಿನ್ನೆಲೆಯನ್ನು ಬಿಳಿ ಮಾಡಲಿಕ್ಕೆ, ಧೂಳಿನ ಚುಕ್ಕೆ ಒರೆಸಲಿಕ್ಕೆ ಇವು ನಿಜಕ್ಕೂ ಚೆನ್ನಾಗಿ ಕೆಲಸ ಮಾಡುತ್ತವೆ, ನಾನೂ ಬಳಸುತ್ತೇನೆ. ವಸ್ತುವನ್ನೇ, ಅಥವಾ "ಇದು ನಮ್ಮ ತೋಟ" ಎನ್ನುವ ಜಾಗವನ್ನೇ ಆ್ಯಪ್ ಕೈಯಲ್ಲಿ ಬರೆಸಿದರೆ ಮಾತು ಬೇರೆ. ದಾರಿ ತಪ್ಪಿಸುವ ಜಾಹೀರಾತಿನ ಮೇಲೆ ಕ್ರಮಕ್ಕೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅವಕಾಶವಿದೆ. ಕಾಯ್ದೆಯ ಮಾತು ಬಿಡಿ, ಹೋಂಸ್ಟೇಗೆ ಬಂದ ಗಿರಾಕಿ "ಫೋಟೋದಲ್ಲಿದ್ದ ಗುಡ್ಡ ಎಲ್ಲಿ?" ಎಂದು ಕೇಳಿದರೆ ಎಲ್ಲಿಂದ ತರುತ್ತೀರಿ?

ಯಾರು ತೆಗೆಯಬೇಕು

ನೀವೇ, ಊರಿನ ಫೋಟೋಗ್ರಾಫರ್, ಬೆಂಗಳೂರಿನ ಸ್ಟುಡಿಯೋ. ನಾನು ಮಧ್ಯದವನು, ನನ್ನ ಮಾತನ್ನು ಆ ಲೆಕ್ಕ ಹಿಡಿದೇ ಕೇಳಿ.

ಐದಾರು ಬಗೆಯ ಮಾಲು, ಮಾರಾಟ ವಾಟ್ಸಾಪ್‌ನಲ್ಲಿ, ತಿಂಗಳಿಗೆ ಹತ್ತಿಪ್ಪತ್ತು ಪಾರ್ಸೆಲ್. ಇಷ್ಟಿದ್ದರೆ ನೀವೇ ತೆಗೆಯಿರಿ. ಮೇಲೆ ಹೇಳಿದ ಕಿಟಕಿ, ಚಾರ್ಟ್ ಹಾಳೆ, ಥರ್ಮೋಕೋಲ್ ಸಾಕು. ಮಳೆಗಾಲವೇ ಇದಕ್ಕೆ ಒಳ್ಳೆ ಕಾಲ, ಜೂನ್‌ನಿಂದ ಸೆಪ್ಟೆಂಬರ್ ತನಕ ಇಡೀ ಆಕಾಶ ಒಂದು ದೊಡ್ಡ ಸಾಫ್ಟ್‌ಬಾಕ್ಸ್. ಬೆಳಕು ಕಡಿಮೆ ಎಂದು ಬಲ್ಬ್ ಹಾಕಬೇಡಿ. ಫೋನನ್ನು ಟ್ರೈಪಾಡ್‌ಗೋ ಅಕ್ಕಿ ಡಬ್ಬಕ್ಕೋ ಆನಿಸಿ ಟೈಮರ್ ಹಾಕಿ, ಕೈ ನಡುಗದಿದ್ದರೆ ಅಷ್ಟು ಬೆಳಕೇ ಸಾಕು. ಎಲ್‌ಇಡಿ ಕೊಳ್ಳಲೇಬೇಕೆಂದರೆ ಸಿಆರ್‌ಐ (ಬೆಳಕು ಬಣ್ಣವನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬ ಅಳತೆ) 90ಕ್ಕಿಂತ ಹೆಚ್ಚಿರುವ, ಬ್ಯಾಟರಿಯಲ್ಲಿ ನಡೆಯುವಂಥದ್ದು ಕೊಳ್ಳಿ. ನಮ್ಮ ಕರೆಂಟನ್ನು ನಂಬಿ ಕೂತರೆ ಆಗುವುದಿಲ್ಲ. ಕ್ಯಾಮೆರಾ ಇದ್ದವರು ಲೆನ್ಸನ್ನು ಸಿಲಿಕಾ ಜೆಲ್ ಹಾಕಿದ ಬಿಗಿ ಡಬ್ಬದಲ್ಲಿಡಿ. ನನ್ನ ಮೊದಲ ಲೆನ್ಸಿನೊಳಗೆ ಒಂದೇ ಮಳೆಗಾಲದಲ್ಲಿ ಬೂಸ್ಟು ಬಲೆ ಕಟ್ಟಿತ್ತು.

ಅಂಗಡಿಗಳಿಗೆ ಸಗಟು ಕೊಡುವವರು, ಆನ್‌ಲೈನ್‌ಗೆ ಹೊಸದಾಗಿ ಇಳಿಯುವವರು, ಗಾಜಿನ ಬಾಟಲಿ ಹೆಚ್ಚಿರುವವರು ಕೆಲಸ ಗೊತ್ತಿರುವವರಿಗೆ ಕೊಡುವುದು ಲೇಸು. ಗಾಜು ಎದುರಿಗಿದ್ದದ್ದನ್ನೆಲ್ಲ ತೋರಿಸುತ್ತದೆ, ನಿಮ್ಮ ಫೋನು, ನೀವು, ಹಿಂದಿನ ಬೀರು ಎಲ್ಲ.

ಬೆಂಗಳೂರಿನ ಸ್ಟುಡಿಯೋಗಳ ಕೈಚಳಕ ನಮಗಿಂತ ಚೆನ್ನಾಗಿದೆ, ಒಪ್ಪುತ್ತೇನೆ. ಪೊಟ್ಟಣದ ಗೆರೆ ಒಂದೊಂದೂ ಕತ್ತಿಯಲ್ಲಿ ಕೊರೆದ ಹಾಗಿರುತ್ತದೆ. ಆದರೆ ವಸ್ತು ಅವರಿಗೆ ಗೊತ್ತಿರುವುದಿಲ್ಲ. ನನ್ನ ನೆಂಟರೊಬ್ಬರು ಕಾಫಿಪುಡಿ ಕಳಿಸಿದ್ದರು, ಬಂದ ಫೋಟೋದಲ್ಲಿ ಪೊಟ್ಟಣದ ಸುತ್ತ ಚಕ್ರಮೊಗ್ಗು, ದಾಲ್ಚಿನ್ನಿ ಚೆಲ್ಲಿತ್ತು. ಕಾಫಿಗೂ ಚಕ್ರಮೊಗ್ಗಿಗೂ ಏನು ಸಂಬಂಧ? ಮೂರು ಜನ ಗಿರಾಕಿಗಳು "ಇದು ಮಸಾಲಾ ಕಾಫಿಯಾ?" ಎಂದು ಕೇಳಿದ ಮೇಲೆ ಆ ಫೋಟೋ ತೆಗೆದುಹಾಕಿದರು. ಕಳಿಸುವುದಾದರೆ ಪಕ್ಕದಲ್ಲಿ ಏನಿಡಬೇಕು, ಏನಿಡಬಾರದು ಎಂದು ಬರೆದು ಕಳಿಸಿ, ಬೇಕಾದರೆ ನಿಮ್ಮ ತೋಟದ ಬೀಜವನ್ನೇ ಒಂದು ಹಿಡಿ ಪೊಟ್ಟಣ ಕಟ್ಟಿ ಜೊತೆಗಿಡಿ. ಪ್ರತಿ ಬಗೆಯಲ್ಲೂ ಮೂರು ಪೊಟ್ಟಣ ಇರಲಿ, ಕೊರಿಯರ್‌ನಲ್ಲಿ ಒಂದಾದರೂ ಮುದುಡುತ್ತದೆ.

ದರದಲ್ಲಿ ಎರಡು ಪದ್ಧತಿ. ಚಿತ್ರಕ್ಕಿಷ್ಟು, ಅಥವಾ ದಿನಕ್ಕಿಷ್ಟು. ಬಿಳಿ ಹಿನ್ನೆಲೆಗೆ ಚಿತ್ರದ ಲೆಕ್ಕ ಒಳ್ಳೆಯದು, ಎಷ್ಟು ಬೇಕೆಂದು ಮೊದಲೇ ಗೊತ್ತಿರುತ್ತದೆ. ತೋಟದ ಶೂಟಿಗೆ, ಹತ್ತಿರದ ಫೋಟೋಗಳಿಗೆ ದಿನದ ಲೆಕ್ಕ ಮಾಡಿಕೊಳ್ಳಿ. ಚಿತ್ರದ ಲೆಕ್ಕವಾದರೆ ತಟ್ಟೆ ಓರೆ ಮಾಡಿ ಹನಿ ಕಾಯುತ್ತ ಕೂರುವಷ್ಟು ತಾಳ್ಮೆ ಯಾವ ಫೋಟೋಗ್ರಾಫರ್‌ಗೂ ಇರುವುದಿಲ್ಲ, ನನಗೂ.

ದುಡ್ಡು ಕೊಡುವ ಮೊದಲು ಹಕ್ಕಿನ ಮಾತೂ ಆಗಲಿ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ಹಣ ಕೊಟ್ಟು ತೆಗೆಸಿದ ಫೋಟೋದ ಮೊದಲ ಒಡೆಯರು ತೆಗೆಸಿದವರೇ. ಕೆಲವರು ಬಿಲ್ಲಿನ ಕೆಳಗೆ ಸಣ್ಣಕ್ಷರದಲ್ಲಿ ಬೇರೆ ಬರೆದಿರುತ್ತಾರೆ, ಓದಿ ಸಹಿ ಹಾಕಿ. ಫೈಲುಗಳನ್ನು ಪೂರ್ತಿ ಅಳತೆಯಲ್ಲಿ ಕೇಳಿ ಪಡೆಯಿರಿ. ಒಂದೊಂದನ್ನು ಎರಡು ಆಕಾರದಲ್ಲಿ ಕೇಳಿ: ಅಂಗಡಿ ಪುಟಗಳಿಗೆ ಚೌಕ, ಇನ್‌ಸ್ಟಾಗ್ರಾಂಗೆ 1080ಕ್ಕೆ 1350ರ ಉದ್ದ. ತೆಗೆಯುವಾಗಲೇ ಸುತ್ತ ಜಾಗ ಬಿಟ್ಟಿದ್ದರೆ ಮಾತ್ರ ಎರಡೂ ಸಾಧ್ಯ, ಹಾಗಾಗಿ ಶೂಟಿಗೆ ಮೊದಲೇ ಹೇಳಿ.

ಮತ್ತೆ, ಆ ಫೈಲುಗಳನ್ನು ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿಕೊಳ್ಳಬೇಡಿ, ಅದು ಹಿಂಡಿ ಚಿಕ್ಕದು ಮಾಡುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ, ಇಲ್ಲವೇ ಪೆನ್‌ಡ್ರೈವ್ ಹಿಡಿದುಕೊಂಡು ಬನ್ನಿ. ಗೋಣಿಕೊಪ್ಪ ಸಂತೆಗೆ ಬಂದ ದಿನವೇ ಬಂದರೆ ಒಂದು ಕಾಫಿಯೂ ಆಗುತ್ತದೆ.